ಗೋಡೆ ಕೆಂಪಾದ ಸಂಗತಿ

ಸೋಲಾಪುರ, ಅಕ್ಕಲಕೋಟ ರೋಡ್
೧ ಮೇ ೨೦೨೫, ಗುರುವಾರ

ಪ್ರೀತಿಯ ಅಂಬಾದಾಸಣ್ಣಾ,

ನಿನ್ನ ತಂಗಿ ಛಾಯಾಳ ನಮಸ್ಕಾರ. ಹೇಗಿದ್ದೀಯ? ಮೊಣಕಾಲು ನೋವು ಇಳಿಯಿತೇ? ವೈನಿ, ಮಕ್ಕಳು, ಅವ್ವ ಎಲ್ಲರೂ ಆರಾಮವಾಗಿದ್ದಾರೆ ಎಂದುಕೊಂಡಿದ್ದೇನೆ. ಕರಜಗಿಯಲ್ಲೂ ಬಿಸಿಲು ಇಲ್ಲಿಯ ಹಾಗೇ ಸುಡುತ್ತಿರಬೇಕು. ಈ ಸಲ ಮರಿ ಎಷ್ಟು ಉಳಿದವು, ಕುರಿಗಳಿಗೆ ನೀರು ಎಲ್ಲಿ ಕುಡಿಸುತ್ತೀಯ ಎಂದು ಕೇಳೋಣವೆಂದರೆ ನನ್ನ ನಂಬರ್ ಕಂಡ ಕೂಡಲೇ ನೀನು ಫೋನ್ ಕಟ್ ಮಾಡುತ್ತೀಯ. ಒಂಬತ್ತು ವರ್ಷವಾದರೂ ನಿನ್ನ ಬೆರಳಿಗೆ ದಣಿವಿಲ್ಲ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ, ಹರಿಯಬೇಕು. ಹರಿಯುವುದಾದರೂ ಕೊನೆಯ ತನಕ ಓದಿ ಹರಿ. ಶ್ರದ್ಧಾ ಪಕ್ಕದಲ್ಲೇ ಕೂತು, ಇದೇನು ಜಿಲೇಬಿ ಬಿಡಿಸುತ್ತಿದ್ದೀಯ ಎಂದು ಮರಾಠಿಯಲ್ಲಿ ಕೇಳುತ್ತಿದ್ದಾಳೆ. ಎಂಟು ವರ್ಷದ ನಿನ್ನ ಸೋದರಸೊಸೆಗೆ ಕನ್ನಡ ಓದಲು ಬಾರದು, ಕನ್ನಡದಲ್ಲಿ ಜಗಳವಾಡಲು ಮಾತ್ರ ಚೆನ್ನಾಗಿ ಬರುತ್ತದೆ. ಆ ವಿಷಯದಲ್ಲಿ ನಮ್ಮ ಮನೆತನವೇ.

ನಾವು ಮನೆ ಕೊಂಡ ಸುದ್ದಿ ಅವ್ವನಿಂದ ನಿನಗೆ ಮುಟ್ಟಿರಬೇಕು. ನಮಗೆ ಹೊಸದು, ಮನೆಗೆ ಮಾತ್ರ ಮೂವತ್ತು ವರ್ಷ ವಯಸ್ಸು. ಗೋಡೆಗೆ ಬಣ್ಣವಾದ ಮೇಲೆ ಹೋಗೋಣವೆಂದು ಇನ್ನೂ ಬಾಡಿಗೆ ಮನೆಯಲ್ಲೇ ಇದ್ದೇವೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಹಳೆಯ ಗೋಡೆಗೆ ಬಣ್ಣ ಹಚ್ಚಿಸಿ ನೋಡಿರಲಿಕ್ಕಿಲ್ಲ. ಬಣ್ಣವೆಂದರೆ ಡಬ್ಬಿ ತೆರೆದು ಬಳಿಯುವುದು ಎಂದು ನಾನು ತಿಳಿದಿದ್ದೆ. ಪೇಂಟರ್ ಸಿದ್ದರಾಮಪ್ಪ ಬಂದು, ಬಣ್ಣದ ಮಾತು ಆಮೇಲೆ, ಮೊದಲು ಗೋಡೆಯ ಹೊಟ್ಟೆ ಸ್ವಚ್ಛವಾಗಬೇಕು ಎಂದ. ನಾಲ್ಕು ದಿನ ಬರೀ ಕೆರೆದ. ಮೇಲೆ ಹಳದಿ ಡಿಸ್ಟೆಂಪರ್, ಅದರ ಕೆಳಗೆ ಹಸಿರು, ಅದಕ್ಕೂ ಕೆಳಗೆ ಯಾರದೋ ಮಕ್ಕಳು ಬರೆದ ಮಗ್ಗಿ. ಎಲ್ಲ ಕೆರೆದು, ಬಿರುಕು ತುಂಬಿ, ಪಾಲಿಶ್ ಕಾಗದದಿಂದ ಉಜ್ಜಿ ಶನಿವಾರ ಮುಗಿಸಿದ. ಮನೆ ತುಂಬ ಹಳದಿ ಧೂಳು. ರವಿವಾರ ಅಮಾವಾಸ್ಯೆ, ಅಂದು ಅವನು ಕೆಲಸ ಮುಟ್ಟುವುದಿಲ್ಲ. ನಾವೂ ಕೀಲಿಯನ್ನು ಪಕ್ಕದ ಮನೆಯ ಚಂದ್ರಭಾಗಾ ಮಾವಶಿಯ ಕೈಯಲ್ಲಿಟ್ಟು ಅತ್ತೆಯ ಊರು ನಾಗಣಸೂರಿಗೆ ಹೋಗಿ ಬಂದೆವು.

ಸೋಮವಾರ ಪುಟ್ಟಿ ಹಚ್ಚಿದರು. ಅದು ಜೋಳದ ಹಿಟ್ಟಿನಷ್ಟು ಬೆಳ್ಳಗಿನ ಪುಡಿ. ನೀರಲ್ಲಿ ಕಲಸಿ ತಗಡಿನ ಪಟ್ಟಿಯಿಂದ ಎಳೆದರೆ ಗೋಡೆ ನುಣ್ಣಗಾಗುತ್ತದೆ, ಅದರ ಮೇಲೆ ಬಣ್ಣ. ಮಧ್ಯಾಹ್ನ ಬುತ್ತಿ ಕೊಡಲು ಹೋದಾಗ ಸಿದ್ದರಾಮಪ್ಪ ಪಟ್ಟಿ ಹಿಡಿದು ಸುಮ್ಮನೆ ನಿಂತಿದ್ದ. ಪಡಸಾಲೆಯ ಬಿಳಿ ಗೋಡೆಯ ನಟ್ಟ ನಡುವೆ ಕೆಂಪು ಎದ್ದಿತ್ತು. ಅಡಿಗೆಮನೆಯಲ್ಲಿ ಒಂದು, ದೇವರ ಮೂಲೆಯಲ್ಲಿ ಒಂದು, ಮಲಗುವ ಕೋಣೆಯಲ್ಲೂ ಒಂದು. ಯಾರೋ ಎರಚಿದಂತೆ ಹರಡಿದ ಕಲೆ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಹೀಗೆ ಕಂಡಿಲ್ಲ ಎಂದು ಅವನು ಕಿವಿ ಮುಟ್ಟಿಕೊಂಡ.

ಅಣ್ಣಾ, ಆಮೇಲೆ ಎರಡು ದಿನ ನನಗೆ ತಲೆಬುಡ ತಿಳಿಯಲಿಲ್ಲ. ಗೋಡೆಯೊಳಗೆ ಉಪ್ಪು ನೀರಿದೆ ಎಂದು ಸಿದ್ದರಾಮಪ್ಪ. ಪುಟ್ಟಿಯೇ ಕಳಪೆ ಎಂದು ಇವರು. (ಕಾಂತೇಶ ಎಂಬ ಹೆಸರು ನಿನ್ನ ಕಿವಿಗೆ ಆಗಿಬರುವುದಿಲ್ಲ, ಅದಕ್ಕೇ ಇವರು ಎಂದು ಬರೆಯುತ್ತಿದ್ದೇನೆ.) ಇವರು ಚೀಲವನ್ನು ಗಾಡಿಗೆ ಕಟ್ಟಿಕೊಂಡು ಹೋಗಿ ಅಂಗಡಿಯವನೊಡನೆ ವಾದ ಮಾಡಿ ಬೇರೆ ಚೀಲ ತಂದರು. ಮಂಗಳವಾರ ಅದನ್ನು ಹಚ್ಚಿದರೆ ಮತ್ತೆ ಕೆಂಪು. ಅತ್ತೆ ನೀಲಾಬಾಯಿ ಮಾತ್ರ, ಈ ಮನೆಯಲ್ಲಿ ಏನೋ ನಡೆಯಬಾರದ್ದು ನಡೆದಿದೆ, ಹಿಂದಿನವರು ಅದನ್ನು ಮುಚ್ಚಿಟ್ಟು ಮಾರಿದ್ದಾರೆ ಎಂದು ಮುಖ ಸಣ್ಣದು ಮಾಡಿ ಕೂತರು. ನನಗೆ ಎಲ್ಲರ ಮಾತೂ ನಿಜವೆನಿಸಿತು. ಬೆಳಿಗ್ಗೆ ಉಪ್ಪು ನೀರು, ಮಧ್ಯಾಹ್ನ ಕಳಪೆ ಪುಟ್ಟಿ, ಕತ್ತಲಾದರೆ ಅತ್ತೆಯ ಮಾತು. ಹೇಳದೆ ಕೇಳದೆ ಮದುವೆಯಾದವಳಿಗೆ ಒಳ್ಳೆಯ ಗೋಡೆ ಎಲ್ಲಿಂದ ಸಿಗಬೇಕು ಎಂದೂ ಒಮ್ಮೆ ಅನ್ನಿಸಿತು.

ನಿನ್ನೆ ಬಸವ ಜಯಂತಿ. ಒಳ್ಳೆಯ ದಿನ, ಮನೆಯ ದೃಷ್ಟಿ ತೆಗೆಯೋಣವೆಂದು ಅತ್ತೆ ಹೊರಟರು. ತಾಟಿನಲ್ಲಿ ನೀರು ಹಾಕಿ ಅರಿಷಿಣ ಕಲಸಿದರು, ಚಿಟಿಕೆ ಸುಣ್ಣ ಬಿಟ್ಟರು. ನೀರು ಕೆಂಪಾಯಿತು. ಹುಟ್ಟಿದಾಗಿನಿಂದ ನೋಡಿದ ಆರತಿಯ ನೀರು ಅದು. ತಾಟು ಹಿಡಿದು ಗೋಡೆಯ ಎದುರು ನಿಂತ ಅತ್ತೆ ಒಮ್ಮೆ ತಾಟು ನೋಡಿದರು, ಒಮ್ಮೆ ಗೋಡೆ ನೋಡಿದರು. ಎರಡೂ ಒಂದೇ ಕೆಂಪು. ಪುಟ್ಟಿಯ ಗುಣವೂ ಸುಣ್ಣದ್ದೇ ಅಂತೆ, ಆಮೇಲೆ ಸಿದ್ದರಾಮಪ್ಪ ಒಪ್ಪಿಕೊಂಡ. ಅತ್ತೆ, ನಾನು, ಇಬ್ಬರು ಹೆಂಗಸರು ಮೂರು ದಿನ ಆ ಗೋಡೆ ನೋಡಿದೆವು, ಒಬ್ಬರಿಗೂ ಹೊಳೆಯಲಿಲ್ಲ. ಕಣ್ಣಿದ್ದೂ ಕುರುಡರೆಂದರೆ ನಾವೇ.

ಆದರೆ ಅರಿಷಿಣ ಎಲ್ಲಿಂದ ಬಂತು? ಅತ್ತೆಯ ಮನೆತನದಲ್ಲಿ ಗೋಡೆಗೆ ವಿಭೂತಿ ಹಚ್ಚುತ್ತಾರೆ. ಹೊಸ ಮನೆಯ ಗೋಡೆಗೆ ಮುಷ್ಟಿ ತುಂಬ ಅರಿಷಿಣ ಎರಚಿ, ಬಿರೋಬಾ ಕಾಯಪ್ಪಾ ಎನ್ನುವವರು ನಾವು. ಅದನ್ನು ಭಂಡಾರ ಎನ್ನುವವರೂ ನಾವೇ. ಹಳದಿ ಧೂಳಿನ ಮನೆಯಲ್ಲಿ ಹಳದಿ ಭಂಡಾರ ಬಿದ್ದರೆ ಯಾರಿಗೆ ಕಾಣಬೇಕು? ಚಪ್ಪಲಿ ಮೆಟ್ಟದೆಯೇ ಚಂದ್ರಭಾಗಾ ಮಾವಶಿಯ ಮನೆಗೆ ಓಡಿದೆ.

ಆಕೆ ಮೊದಲು ಬಾಯಿ ಬಿಡಲಿಲ್ಲ, ಯಾರಿಗೂ ಹೇಳಬಾರದೆಂದು ಬಂದವರು ಆಣೆ ಹಾಕಿಸಿಕೊಂಡಿದ್ದಾರಂತೆ. ನಾನು ಅಳತೊಡಗಿದ ಮೇಲೆ ಹೇಳಿದಳು. ರವಿವಾರ ಒಬ್ಬ ಮುದುಕಿ ಬಂದು, ನಾನು ಛಾಯಾಳ ತಾಯಿ, ಕೀಲಿ ಕೊಡವ್ವಾ ಎಂದಳಂತೆ. ಒಳಗೆ ಹೋಗಿ ಹತ್ತು ನಿಮಿಷಕ್ಕೆ ಕೈಯೆಲ್ಲ ಹಳದಿ ಮಾಡಿಕೊಂಡು ಹೊರಬಂದಳಂತೆ. ಆಮೇಲೆ ಮಾವಶಿ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ:

"ಕೆಂಪ ರುಮಾಲಿನಾವ ಒಬ್ಬ ಗೇಟಿನ ಹೊರಗ ನಿಂತಾವ ನಿಂತಽ ಇದ್ದ. ಬಿಸಲಾಗ ಯಾಕ ನಿಂದರ್ತಿ, ಒಳಗ ಬಾರಪಾ ಅಂದ್ರ ಬರಲಿಲ್ಲ. ಅಲ್ಲೇ ಚಾ ಕೊಟ್ಟೆ. ಕಪ್ಪು ತಿರಗಿ ಕೊಡುಮುಂದ, ಆಕಿ ಆರಾಮ ಅದಾಳೇನ್ರಿ ಅಂತ ಕೇಳಿದ. ಆಕಿ ಅಂದ್ರ ಯಾರು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ."

ಅತ್ತೆ ನನ್ನ ಹಿಂದೆಯೇ ಬಂದು ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಭೂತ ಬಿಟ್ಟಿತೆಂದು ಹಗುರಾಗುತ್ತಾರೆ ಎಂದುಕೊಂಡರೆ ಅವರ ಕಣ್ಣಲ್ಲಿ ನೀರು. "ಬೀಗತಿ ನನ್ನ ಮನಿಗಿ ಬಂದು, ನೀರ ಸೈತ ಕುಡೀಲಾರದ ಹ್ವಾದಳಲ್ಲ," ಎಂದರು. ಒಂಬತ್ತು ವರ್ಷದಲ್ಲಿ ಅವರು ಅವ್ವನನ್ನು ಬೀಗತಿ ಎಂದದ್ದು ಇದೇ ಮೊದಲು.

ಈಗ ಹೇಳಣ್ಣಾ, ನಾನು ಏನೆಂದು ತಿಳಿಯಲಿ? ಮದುವೆಯಾಗಿ ನಾನು ಮನೆ ಬಿಟ್ಟು ಹೊರಟ ದಿನ ನೀನು ಅಂಗಳದಲ್ಲಿ ಎಲ್ಲರ ಮುಂದೆ, "ನೀ ಇರೂ ಮನಿ ಹೊಸ್ತಿಲಾ ನಾ ದಾಟಂಗಿಲ್ಲ, ಬಿರೋಬಾನ ಆಣಿ" ಎಂದೆ. ಆ ಆಣೆಗಾಗಿ ಶ್ರದ್ಧಾ ಹುಟ್ಟಿದಾಗಲೂ ನೀನು ಬರಲಿಲ್ಲ. ನಾವು ಊರಲ್ಲಿರುವುದಿಲ್ಲ ಎಂದು ನಾನು ಫೋನಿನಲ್ಲಿ ಅವ್ವನಿಗೆ ಹೇಳಿದ್ದೆ, ಸರಿಯಾಗಿ ಅದೇ ದಿನ ಆರಿಸಿಕೊಂಡು ಬಂದಿದ್ದೀರಿ. ಸಿಟ್ಟು ಇಳಿದಿದ್ದರೆ ನಾನು ಇಲ್ಲದ ದಿನ ಯಾಕೆ ಬಂದೆ? ಇಳಿಯದಿದ್ದರೆ ಅಂಥ ಬಿಸಿಲಲ್ಲಿ ಹಾಳು ಮೊಣಕಾಲು ಇಟ್ಟುಕೊಂಡು ಗೇಟಿನ ಹೊರಗೆ ಯಾಕೆ ನಿಂತೆ? ಒಂದು ಗಳಿಗೆ ಸಂತೋಷವಾಗುತ್ತದೆ, ಮರುಗಳಿಗೆ ನಿನ್ನ ಮೇಲೆ ಸಿಟ್ಟು ಬರುತ್ತದೆ. ಅಡಿಗೆಗೆ ಉಪ್ಪು ಎರಡು ಸಲ ಹಾಕಿದೆ. ಮನೆಯವರು ನೀರು ಕುಡಿದು ಕುಡಿದು ಉಂಡರು. ಅಣ್ಣಾ, ನೀನು ಇಲ್ಲದ ಈ ಒಂಬತ್ತು ವರ್ಷ ನನಗೆ ಬಹಳ ಕಷ್ಟವಾಗಿದೆ. ಅದನ್ನು ಯಾರಿಗೂ ಹೇಳಿರಲಿಲ್ಲ, ಈಗ ನಿನಗೆ ಹೇಳುತ್ತಿದ್ದೇನೆ.

ಸಿದ್ದರಾಮಪ್ಪ ಕಲೆ ಕೆರೆದು ಮೇಲೆ ಪ್ರೈಮರ್ ಹೊಡೆಯುತ್ತೇನೆ ಎನ್ನುತ್ತಾನೆ. ದೇವರ ಭಂಡಾರಕ್ಕೆ ಪಟ್ಟಿ ತಾಗಿಸಬೇಡ ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಾರೆ. ಇವರು ಎರಡೂ ಕಡೆ ತಲೆಯಾಡಿಸುತ್ತಾರೆ. ಕೆಲಸ ನಿಂತಿದೆ.

ಅವ್ವನ ಪಾದಕ್ಕೆ ನನ್ನ ಹಣೆ ಮುಟ್ಟಿಸಿದೆ ಎಂದು ಹೇಳು, ಆಕೆಯನ್ನು ಬಯ್ಯಬೇಡ. ವೈನಿಗೆ ನೆನಪು, ಮಕ್ಕಳಿಗೆ ಮುತ್ತು. ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೋ.

ನಿನ್ನ ತಂಗಿ,
ಛಾಯಾ

ತಾ.ಕ.: ಕರಜಗಿ ಬಸ್ಸಿನ ಹೊತ್ತಾಯಿತು, ಕಂಡಕ್ಟರ್ ಕೈಯಲ್ಲಿ ಕೊಡಬೇಕು. ಮುಖ್ಯವಾದದ್ದು ಬರೆಯಲು ಮರೆತೆ. ಮುಂಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿತ್ತು, ಇಂದು ಬೆಳಿಗ್ಗೆ ಬಡಗಿ ಅದನ್ನು ಬುಡಸಮೇತ ಕಿತ್ತುಕೊಂಡು ಹೋದ. ಹೊಸದನ್ನು ನಾಳೆಯೇ ಕೂಡಿಸುತ್ತೇನೆ ಎಂದ. ಬೇಡ, ಸೋಮವಾರ ಬಾ ಎಂದು ಹೇಳಿ ಕಳಿಸಿದ್ದೇನೆ. ಅಲ್ಲಿಯ ತನಕ ನನ್ನ ಮನೆಗೆ ಹೊಸ್ತಿಲಿಲ್ಲ, ಅಣ್ಣಾ.