ಗುಡ್ಡದ ಮೇಲಿನ ಡ್ರಾಯಿಂಗ್ ಕ್ಲಾಸು

ಭಾನುವಾರ, ಸಂಜೆ

ನಮ್ಮ ಇವರಿಗೆ,

ಹೇಗಿದ್ದೀರಿ? ನೀವು ನನ್ನ ಮೇಲೆ ಮುನಿಸಿಕೊಂಡು ಹೆಡ್ ಆಫೀಸಿನ ಊರಿಗೆ ಹೋದಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು.

ಅವತ್ತು ಬೆಳಿಗ್ಗೆ ಶಾಲೆಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದೆ, ನಿಮ್ಮ ಫೋನು ಬಂತು. ಇವತ್ತು ಶಾಲೆಗೆ ಹೋಗಬೇಡ, ಅಕ್ಕನ ಮನೆಗೆ ಹೋಗಿಬಿಡು ಅಂದಿರಿ. ಯಾಕೆ ಅಂದರೆ, "ಹೇಳಿದಷ್ಟು ಮಾಡೇ" ಅಂತ ಇಟ್ಟುಬಿಟ್ಟಿರಿ. ಎಷ್ಟು ದಿನದ ಮೇಲೆ ಆ 'ಮಾಡೇ'! ಒಂದು ಗಳಿಗೆ ಹಿಗ್ಗಿದೆ, ನಿಜ. ಆಮೇಲೆ ಕಿಟಕಿಯಾಚೆ ನಿಮ್ಮ ಕಾರ್ಖಾನೆಯ ಗ್ಯಾಸ್ ಟ್ಯಾಂಕು ಕಣ್ಣಿಗೆ ಬಿತ್ತು. ಅದರ ಚಿಂತೆಯಲ್ಲಿ ನೀವು ನಿದ್ದೆಗೆಟ್ಟ ರಾತ್ರಿಗಳು ನೆನಪಾದವು.

ಕಾರ್ಖಾನೆಯ ಗೇಟಿಗೆ ಫೋನು ಮಾಡಿದೆ. ಎಲ್ಲ ಸರಿಯಾಗಿದೆ ಮೇಡಂ ಅಂದರು. ಶಾಲೆಗೆ ಓಡಿ ಹೇಳಿದರೆ ಹೆಡ್‌ಮೇಡಂ ನಕ್ಕರು. ಇವತ್ತು ಎಲ್ಲರಿಗೂ ಗುಡ್ಡದ ಮೇಲೆ ಡ್ರಾಯಿಂಗ್ ಕ್ಲಾಸು ಮಾಡ್ತೀನಿ ಅಂತ ಗೋಗರೆದೆ. ನಿನ್ನ ಹುಚ್ಚಾಟವೇ ಅಂತ ಬೈಯುತ್ತಲೇ ಕೊಡೆ ಹಿಡಿದು ತಾವೂ ಬಂದರು.

ಮೇಲಿಂದ ನೋಡಿದರೆ ಊರು ತನ್ನ ಪಾಡಿಗೆ ಬೆಳಗಿನ ಕೆಲಸದಲ್ಲಿತ್ತು. ಟ್ಯಾಂಕಿನ ಬುಡದಿಂದ ಬೆಳ್ಳಗೆ ಏನೋ ಎದ್ದಿತು. ಸದ್ದಿಲ್ಲ. ಗೋಡೆ ದಾಟಿ, ಒಣಹಾಕಿದ ಬಟ್ಟೆಗಳ ನಡುವೆ ತೂರಿ, ಬೀದಿಗಳನ್ನು ಮೆಲ್ಲಗೆ ತುಂಬುತ್ತಾ ಬಂತು. ಟೀಚರ್, ಮೋಡ ಕೆಳಗಿಳೀತು ಅಂತ ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ಕನಸಿನಲ್ಲಿದ್ದವಳ ಹಾಗೆ ನೋಡುತ್ತಾ ನಿಂತೆ. ಚಂದವಿತ್ತು, ದೇವರಾಣೆ. ಕೆಳಗೆ ಒಂದೊಂದೇ ಮನೆ ಅಳಿಸಿಹೋಗುತ್ತಿತ್ತು.

ನಮ್ಮ ಮಕ್ಕಳೆಲ್ಲ ಉಳಿದರು. ಬೀಗ ಹಾಕಿ ಬರ್ತೀನಿ ಅಂತ ಹಿಂದುಳಿದ ಶಾಲೆಯ ಆಯಾ ಬರಲೇ ಇಲ್ಲ.

ನಿನ್ನೆ ನಿಮ್ಮ ಕೈಕೆಳಗಿನ ಇಂಜಿನಿಯರ್ ಬಂದು ಅತ್ತ. ಟ್ಯಾಂಕಿನ ಹಳೆ ವಾಲ್ವ್ ಬದಲಿಸಲು ಕೆಲಸ ನಿಲ್ಲಿಸಬೇಕು ಅಂತ ಹಿಂದೆ ಮೀಟಿಂಗಿನಲ್ಲಿ ನೀವೇ ಹೇಳಿದ್ದಿರಂತೆ. ಮೊದಲು ಆರ್ಡರ್ ಮುಗೀಲಿ, ಯಾರಿಗಾದರೂ ತಕರಾರಿದೆಯಾ ಅಂತ ದೊಡ್ಡ ಸಾಹೇಬರು ಕೇಳಿದಾಗ ಎಲ್ಲರೂ ಟೀ ಕಪ್ಪು ನೋಡಿಕೊಂಡರಂತೆ. ನೀವೂ. ಬಿಸ್ಕತ್ತಿನ ತಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ತೀರ್ಮಾನವಾಯಿತಂತೆ.

ಅವತ್ತು ಬೆಳಿಗ್ಗೆ ಟ್ಯಾಂಕಿನ ಒತ್ತಡ ಏರುತ್ತಿದೆ ಅಂತ ಇಲ್ಲಿಂದ ಅವನೇ ನಿಮಗೆ ತಿಳಿಸಿದ್ದನಂತೆ. ಸೈರನ್ ಒತ್ತಲಾ ಸರ್ ಅಂದರೆ, ಸಾಹೇಬರನ್ನು ಕೇಳಿ ಹೇಳ್ತೀನಿ ಅಂದಿರಂತೆ. ನನಗೆ ಫೋನು ಮಾಡಲು ಮಾತ್ರ ಯಾರನ್ನೂ ಕೇಳಲಿಲ್ಲ. ಆ ಪ್ರೀತಿಯನ್ನು ಎಲ್ಲಿಡಲಿ ಹೇಳಿ?

ಗುರುವಾರ ವಿಚಾರಣೆಯಿದೆ. ಇದೆಲ್ಲ ನಾನು ಹೇಳುವವಳೇ. ಅದಕ್ಕೂ ಮೊದಲು ನೀವೇ ಬಂದು ಹೇಳಿದರೆ, ನಿಮ್ಮ ಪಕ್ಕದಲ್ಲೇ ಕೂತಿರುತ್ತೇನೆ.

ಊಟ ಬಿಡಬೇಡಿ.

ನಿಮ್ಮ
ಟೀಚರಮ್ಮ

ಇನ್ನೊಂದು ಮಾತು: ಬಂದರೆ ಬಾಗಿಲಲ್ಲಿ ನೋಡಿಕೊಂಡು ಕಾಲಿಡಿ. ನಡುಮನೆಯ ತುಂಬ ಮಕ್ಕಳು ಮಲಗಿರುತ್ತವೆ, ಕೆಳಗಿನ ಬೀದಿಯವು. ಮನೆಗೆ ಹೋದರೆ ಅವಕ್ಕೆ ಯಾರೂ ಉಳಿದಿಲ್ಲ. ಗೋಡೆಯ ಮೇಲಿನ ಫೋಟೋ ತೋರಿಸಿ ನೀವು ಯಾರು ಅಂತ ಕೇಳುತ್ತವೆ. ನಾನು ಇನ್ನೂ ಹೇಳಿಲ್ಲ.