ಹುಳದ ನಕಾಶೆಯಲ್ಲಿ ಬಣ್ಣ ಬೀಳದ ದಂಡೆ

ಗುರುಗಳಾದ ಕಾಂಬಳೆ ಸರ್ ಅವರಿಗೆ,

ನಿಮ್ಮ ಬಸುನ ನಮಸ್ಕಾರ. ನೀವು ಹೋಗಿ ಎರಡು ಮಳೆಗಾಲ ಕಳೆದವು. ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದ. ನೀವು ತೀರಿಕೊಂಡ ಮೇಲೆ ನಡೆದ ಪುಣ್ಯಾನುಮೋದನದ ದಿನ ನಿಮ್ಮ ಹೆಂಡತಿ, ನಮ್ಮ ಕಾಕು, ನಿಮ್ಮ ದಪ್ಪ ನೋಟ್‌ಬುಕ್ಕನ್ನು ನನ್ನ ಕಣ್ಣೆದುರೇ ಸುನಂದಾಳ ಕೈಗೆ ಕೊಟ್ಟರು. "ನಿನಗ ಇದನ್ನ ಕೊಡು ಅಂದಾರ" ಅಂತ ನನಗೆ ಅರ್ಧ ಸವೆದ ಕೆಂಪು ಪೆನ್ಸಿಲ್ ಕೊಟ್ಟರು. ನಾವಿಬ್ಬರೂ ಒಂದೇ ವಾರ ನಿಮ್ಮ ಕೈಕೆಳಗೆ ಆರೋಗ್ಯ ಕೇಂದ್ರಕ್ಕೆ ಸೇರಿದವರು. ಹಾಗಿದ್ದ ಮೇಲೆ ಅವಳಿಗೆ ನೋಟ್‌ಬುಕ್, ನನಗೆ ಪೆನ್ಸಿಲ್ ಯಾಕೆ ಸರ್?

ನಿಮ್ಮ ಸ್ಕೂಟರಿನ ಹಿಂದೆ ಕೂತು ಮೊದಲ ಸಲ ಯಡೂರಿಗೆ ಬಂದದ್ದು ನೆನಪಾಗುತ್ತದೆ. ಮನೆಯೊಂದರ ಬಾಗಿಲಲ್ಲಿ ನನ್ನನ್ನು ತಡೆದು, "ಮೊದಲ ಚಪ್ಪಲ್ ಎಣಸಲೇ, ಆಮ್ಯಾಲ ಒಳಗ ಹೋಗಿ ಮಂದಿ ಎಣಸು" ಅಂದಿರಿ. ನಾನು ನಕ್ಕಿದ್ದೆ. ಹಸಿ ಮಣ್ಣಿನಲ್ಲಿರುವ ಕೊಕ್ಕೆಹುಳು ಬರಿಗಾಲಿನ ಚರ್ಮ ತೂರಿ ಒಳಗೆ ಸೇರುತ್ತದೆ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ ಎಂದು ನೀವು ಬಿಡಿಸಿ ಹೇಳಿದ ಮೇಲೆ ನಗು ನಿಂತಿತು. ಕಬ್ಬು ಕಡಿಯಲು ಮಹಾರಾಷ್ಟ್ರದಿಂದ ಗ್ಯಾಂಗುಗಳು ಬಂದು ಹೊಳೆದಂಡೆಯಲ್ಲಿ ಗುಡಿಸಲು ಹಾಕಿದಾಗ ಅಲ್ಲಿಗೂ ಕರೆದೊಯ್ಯುತ್ತಿದ್ದಿರಿ. "ತಾಈ, ಚಪ್ಪಲ ಕುಠೆ ಆಹೆ?" ಎಂದು ಮರಾಠಿಯಲ್ಲಿ, ಚಪ್ಪಲಿ ಎಲ್ಲಿ ಅಂತ, ನೀವು ಹೆಂಗಸರನ್ನು ಕೇಳಿದರೆ ಅವರು ಸೆರಗು ಬಾಯಿಗಿಟ್ಟು ನಗುವರು. ಐದು ಮಂದಿಯ ಗುಡಿಸಲ ಮುಂದೆ ಒಂದು ಜೋಡಿ ಕಂಡರೆ ನಿಮ್ಮ ಕೈಬರಹದ ನಕಾಶೆಯಲ್ಲಿ ಅಲ್ಲಿ ಇದೇ ಪೆನ್ಸಿಲಿನ ಕೆಂಪು ಚುಕ್ಕಿ ಬೀಳುತ್ತಿತ್ತು.

ಈಗ ಸುನಂದಾ ನಕಾಶೆ ಮಾಡುವುದು ಕಂಪ್ಯೂಟರಿನಲ್ಲಿ. ಮಣ್ಣಿನ ತೇವ, ಬಿಸಿಲು, ಹೊಳೆಯ ದೂರ ಎಲ್ಲ ಉಪಗ್ರಹದಿಂದ ಬರುತ್ತದೆ. ಯಾವ ಮನೆಗೆ ಪಾಯಖಾನೆ ಇದೆ, ನಳ ಇದೆ ಎನ್ನುವುದು ಮನೆ ಸರ್ವೆಯಿಂದ. ಎರಡನ್ನೂ ಕೂಡಿಸಿ ಹುಳದ ಅಪಾಯ ಎಲ್ಲಿ ಹೆಚ್ಚು ಎಂದು ತೋರಿಸುತ್ತಾಳೆ. ಕೆಂಪಾದ ಊರಿಗೆ ವರ್ಷಕ್ಕೆ ಎರಡು ಸಲ ಗುಳಿಗೆ, ರಕ್ತ ಪರೀಕ್ಷೆ. ಹೋದ ವರ್ಷ ಚಿಕ್ಕೋಡಿಯ ಮೀಟಿಂಗಿನಲ್ಲಿ ಅದನ್ನು ಗೋಡೆಯ ಮೇಲೆ ತೋರಿಸಿದಾಗ ಸಾಹೇಬರೆಲ್ಲ ಚಪ್ಪಾಳೆ ಹೊಡೆದರು. ನೀವಿದ್ದಿದ್ದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಿರಿ. ಅದನ್ನು ನೆನೆದೇ ನನಗೆ ಹೊಟ್ಟೆ ಉರಿದು ಹೋಯಿತು.

ಆ ಗೋಡೆಯ ಮೇಲೆ ಯಡೂರಿನ ದಂಡೆ ಮಾತ್ರ ಬೆಳ್ಳಗಿತ್ತು ಸರ್. ಊರಿನ ಮನೆಗಳಲ್ಲೆಲ್ಲ ಪಾಯಖಾನೆ ಇದೆಯಲ್ಲ, ಅದಕ್ಕೆ. ಗ್ಯಾಂಗಿನ ಗುಡಿಸಲಿಗೆ ಮನೆ ನಂಬರಿಲ್ಲ, ಸರ್ವೆಯವರು ಎಣಿಸಲಿಲ್ಲ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಆದರೆ ಬಾಯಿ ಬಿಡಲಿಲ್ಲ. ಆ ನಕಾಶೆ ತಪ್ಪಿ, ಅವಳು ಎಲ್ಲರೆದುರು ತಲೆ ತಗ್ಗಿಸಲಿ ಎಂದು ಕಾದೆ. ಒಂದು ವರ್ಷ ದಂಡೆಯ ಕಡೆ ಒಂದು ಗುಳಿಗೆಯೂ ಹೋಗಲಿಲ್ಲ.

ಹೋದ ತಿಂಗಳು ಕಬ್ಬಿನ ಟ್ರ್ಯಾಕ್ಟರಿನಲ್ಲಿ ದಂಡೆಯ ಗುಡಿಸಲಿನ ಒಬ್ಬ ಹೆಂಗಸನ್ನು ನಮ್ಮ ಕೇಂದ್ರಕ್ಕೆ ಮಲಗಿಸಿಕೊಂಡು ಬಂದರು. ಹೊರೆ ಹೊತ್ತವಳು ಹೊಲದಲ್ಲೇ ಬಿದ್ದಿದ್ದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಸುಣ್ಣ ಬಳಿದ ಹಾಗಿತ್ತು. ಕಾಲು ನೋಡುವ ಧೈರ್ಯ ಆಗಲಿಲ್ಲ. ಅವಳ ಗಂಡ ಕೈಮುಗಿದು, "ಸಾಹೇಬ, ದೋನ್ ಲೇಕರ ಆಹೇತ" ಅನ್ನುತ್ತಿದ್ದ. ಎರಡು ಮಕ್ಕಳಿವೆಯಂತೆ. ನಾನು ಯಾವ ಮುಖ ಇಟ್ಟುಕೊಂಡು ಅವನನ್ನು ನೋಡಲಿ? ಚಿಕ್ಕೋಡಿಯಲ್ಲಿ ರಕ್ತ ಕೊಟ್ಟರು, ಬದುಕಿದಳು. ಬದುಕದೆ ಹೋಗಿದ್ದರೆ…

ಮರುದಿನ ಸುನಂದಾಳ ಮೇಜಿನ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. "ದಂಡಿ ತಪ್ಪೈತಿ ಅಂತ ನನಗ ಗೊತ್ತಿತ್ತು. ನಿಮ್ಮ ಮ್ಯಾಲಿನ ಹೊಟ್ಟಿಕಿಚ್ಚಿಗೆ ಸುಮ್ನಿದ್ದೆ." ಬೈಯುತ್ತಾಳೆ ಅಂದುಕೊಂಡೆ. ಅವಳು ಡ್ರಾಯರ್ ಎಳೆದು ನಿಮ್ಮ ನೋಟ್‌ಬುಕ್ ತೆಗೆದು, ಒಂದು ಪುಟ ತೆರೆದು ನನ್ನ ಕಡೆ ತಿರುಗಿಸಿದಳು. ಮೇಲೆ 'ಗ್ಯಾಂಗುಗಳು' ಎಂದು ನಿಮ್ಮ ಅಕ್ಷರ. ಕೆಳಗೆ ಒಂದೇ ಸಾಲು: 'ಇದು ಬಸುಗೆ ಗೊತ್ತು, ಅವನನ್ನು ಕೇಳು.'

"ನಾ ಕೇಳಬೇಕಿತ್ರಿ" ಅಂದಳು. "ನಿಮ್ಮನ್ನಷ್ಟ ಸ್ಕೂಟರ್ ಮ್ಯಾಲ ಕರ್ಕೊಂಡು ತಿರಗತಿದ್ರು. ನನಗ ಆಫೀಸ್ನ್ಯಾಗ ರಜಿಸ್ಟರ್ ಬರಿ ಅಂತಿದ್ರು. ಉರಿ ನಿಮಗೊಬ್ಬರಿಗೇ ಇತ್ತೇನ್ರಿ?"

ಈಗಿನ ಸುದ್ದಿ ಕೇಳಿ ಸರ್. ಯಡೂರಿನಿಂದ ಕುಡಚಿಯವರೆಗೆ ದಂಡೆಯ ಗುಡಿಸಲುಗಳನ್ನೆಲ್ಲ ನಡೆದೇ ಸುತ್ತಿದೆ. ಕಂಪ್ಯೂಟರಿನಲ್ಲಿ ಹೊಸ ಕಾಲಂ ಬಂದಿದೆ, ಮಂದಿ ಎಷ್ಟು, ಚಪ್ಪಲ್ ಎಷ್ಟು. ದಂಡೆ ಕೆಂಪಾಯಿತು. ಗುಳಿಗೆಯೂ ತಲುಪಿತು, ಆ ಹೆಂಗಸಿಗೆ ನಾನೇ ಕೈಯಾರೆ ಕೊಟ್ಟೆ. ಇನ್ನು ಮೇಲೆ ಕಬ್ಬು ಕಡಿಯುವ ಪ್ರತಿ ಹಂಗಾಮಿಗೂ ಹೋಗುತ್ತೇನೆ.

ಆದರೆ ಉರಿ ಪೂರ್ತಿ ಆರಿಲ್ಲ, ನಿಮ್ಮೆದುರು ಸುಳ್ಳು ಯಾಕೆ. ನನ್ನ ಹೆಸರಿರುವ ಆ ಹಾಳೆಯನ್ನು ಹರಿದು ಕೊಡಿ ಎಂದು ಸುನಂದಾಳನ್ನು ಕೇಳಿದೆ. "ಮೊದಲ ಪೆನ್ಸಿಲ್ ಕೊಡ್ರಿ" ಅಂದಳು.

ಕೊಟ್ಟಿಲ್ಲ ಸರ್.

ನಿಮ್ಮ
ಬಸು