ಕೊನೆಯ ಬೆಂಚಿನ ಡೌಟು

ಜುಲೈ 8, ಸೋಮವಾರ

ಮತ್ತೆ ಕೊನೆಯ ಬೆಂಚು. ಪರಿಸರ ಅಧ್ಯಯನಕ್ಕೆ ಇಬ್ಬರು ಟೀಚರು, ಒಂದೇ ಕ್ಲಾಸು. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಹಿಂದೆ ಕೂತು, ಹುಡುಗರ ಹಾಗೆ ಕೈ ಎತ್ತಿ ಪ್ರಶ್ನೆ ಕೇಳಬೇಕು. ನನ್ನದು ಅರ್ಥಶಾಸ್ತ್ರ. ಜೊತೆಗೆ ಹಾಕಿರುವ ಹೊಸಬಳದು ಸಸ್ಯಶಾಸ್ತ್ರ — ಕೆರೆ, ಜೊಂಡು, ಪಾಚಿ. ಹುಡುಗರು ಪಾಚಿ ಮೇಡಂ ಅನ್ನುತ್ತಾರೆ, ಪ್ರೀತಿಯಿಂದಲೇ. ನನಗೂ ಒಂದು ಹೆಸರಿಟ್ಟಿದ್ದಾರೆ. ಬರೆಯುವುದಿಲ್ಲ.

ಜುಲೈ 17

ಸ್ಟಾಫ್ ರೂಮಿನಲ್ಲಿ ಕುರ್ಚಿ ಹತ್ತಿರ ಎಳೆದುಕೊಂಡಳು. ನಾಳೆ ಹೆಡ್ ಬಂದು ಅವಳ ಪಾಠ ಕೇಳುತ್ತಾರಂತೆ. ಒಪ್ಪಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಆಗಸ್ಟಿಗೇ ಮುಗಿಯಿತು.

"ಅಕ್ಕಾ, ಇನ್ನು ಮೂವತ್ತು ವರ್ಷಕ್ಕೆ ಕೆರೆಯಿಂದ ಸಿಗೋ ಲಾಭಕ್ಕೆ ಇವತ್ತೇ ಬೆಲೆ ಕಟ್ಟೋದು ಹೇಗೆ ಅಂತ ಮಾತ್ರ ಕೇಳಬೇಡಿ. ಅದೊಂದು ನನ್ನ ತಲೆಗೇ ಹತ್ತಲ್ಲ."

ಅದನ್ನ ಯಾರು ಕೇಳ್ತಾರೆ, ಬಿಡು ಅಂದೆ. ಫ್ಲಾಸ್ಕಿನ ಟೀ ಅರ್ಧ ನನಗೇ ಬಗ್ಗಿಸಿದಳು.

ಜುಲೈ 18, ಸಂಜೆ

ಚೆನ್ನಾಗಿ ಮಾಡಿದಳು. ತೀರಾ ಚೆನ್ನಾಗಿ. ನನ್ನ ಪಾಠಕ್ಕೆ ತೂಕಡಿಸುವ ಮುಂದಿನ ಸಾಲು ಬಾಯಿ ಬಿಟ್ಟುಕೊಂಡು ಕೂತಿತ್ತು. ಹೆಡ್ ತಲೆದೂಗಿದರು, ನನಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ದೂಗಿಲ್ಲ. ಹೊಟ್ಟೆ ಉರಿಯಿತು. ಇಲ್ಲಿ ಯಾರಿಂದ ಅಂತ ಮುಚ್ಚಿಡಲಿ...

ಕೈ ಎತ್ತಿದೆ. "ಮೇಡಂ, ಒಂದು ಸಣ್ಣ ಡೌಟು."

ಅದನ್ನೇ ಕೇಳಿದೆ.

ನನ್ನನ್ನೇ ನೋಡಿದಳು. ಬೋರ್ಡಿನ ಕಡೆ ತಿರುಗಿದಳು, ಏನೂ ಬರೆಯಲಿಲ್ಲ. ಯಾರೋ ಕಿಸಕ್ಕೆಂದರು. ಹೆಡ್ ಎದ್ದು ಹೋದರು.

ಪ್ರಶ್ನೆ ಕೇಳುವುದೇ ತಾನೇ ನನ್ನ ಕೆಲಸ? ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ. ಏನು ಇವತ್ತು ಇಷ್ಟು ಖುಷಿ ಅಂತ ಇವರು ಕೇಳಿದರು.

ಆಗಸ್ಟ್ 31, ಶನಿವಾರ

ಅವಳ ಟೇಬಲ್ ಖಾಲಿಯಾಗಿದೆ. ಅವಳ ಭಾಗವನ್ನೂ ನೀವೇ ಮಾಡಿ ಅಂದರು ಹೆಡ್. ನಾಡಿದ್ದು ಬಂದು ಕೂರುತ್ತಾರಂತೆ. ಪಾಚಿಯ ಬಗ್ಗೆ ನನಗೆ ಗೊತ್ತಿರುವುದು ಕಾಲಿಟ್ಟರೆ ಜಾರುತ್ತದೆ ಅನ್ನುವುದಷ್ಟೇ.

ನಾಚಿಕೆ ಬಿಟ್ಟು ಅವಳಿಗೇ ಫೋನ್ ಮಾಡಿದೆ. ಕೋಪವೇ ಇಲ್ಲ! ಇಡೀ ಪಾಠ ಬಿಡಿಸಿ ಹೇಳಿದಳು. ಹಗಲೆಲ್ಲ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದಲ್ಲ, ಮತ್ತೆ ಮೀನು ಬೆಳಗಿನ ಜಾವ ಯಾಕೆ ಸಾಯುತ್ತವೆ — ಅದೊಂದು ಅರ್ಥವಾಗಲಿಲ್ಲ ಅಂದೆ.

"ಅದನ್ನ ಯಾರು ಕೇಳ್ತಾರೆ, ಬಿಡಿ ಅಕ್ಕಾ."

ಎಷ್ಟು ಒಳ್ಳೆಯವಳು. ಪೆದ್ದಿ.

ಸೆಪ್ಟೆಂಬರ್ 2

ಪಾಠ ಸರಾಗವಾಗಿ ಹೋಗುತ್ತಿತ್ತು. ಹೆಡ್ ಬಂದರು. ಹಿಂದೆಯೇ ಅವಳು. ಪ್ರಶ್ನೆ ಕೇಳಲು ಸಸ್ಯಶಾಸ್ತ್ರದವರೊಬ್ಬರು ಬೇಕಲ್ಲ, ನಾನೇ ಬರುತ್ತೇನೆ ಎಂದು ಕೇಳಿಕೊಂಡಳಂತೆ. ಕೊನೆಯ ಬೆಂಚಿನಲ್ಲಿ, ನನ್ನ ಜಾಗದಲ್ಲೇ ಕೂತಳು. ಕೈ ಎತ್ತಿದಳು.

"ಮೇಡಂ," ಅಂದಳು. ಅಕ್ಕಾ ಅನ್ನಲಿಲ್ಲ. "ಒಂದು ಸಣ್ಣ ಡೌಟು."

ಅದನ್ನೇ, ಮೀನಿನದನ್ನೇ ಕೇಳಿದಳು. ನಾನು ಬೋರ್ಡಿನ ಕಡೆ ತಿರುಗಿದೆ.